ಇನ್ನೊಂದು ಸೌಟು

ಪುಣೆಯಲ್ಲಿ ನಮ್ಮ ಕನ್ನಡದವರ ಮದುವೆಗಳಿಗೆಲ್ಲ ಒಬ್ಬರೇ ಅಡಿಗೆ ಭಟ್ಟರು. ಧಾರವಾಡದ ಕಡೆಯವರು. ಬಡಿಸಲು ನಿಂತರೆ, ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯನ್ನು ಪಕ್ಕಕ್ಕೆ ಸರಿಸಿ, "ಸಂಕೋಚ ಮಾಡಬ್ಯಾಡ್ರಿ, ನನ್ನ ಸಲುವಾಗಿ ಇನ್ನೊಂದು ಸೌಟು" ಎನ್ನುವರು. ಉಣ್ಣುವವರು ಬೆವರುವವರೆಗೂ ಬಿಡುತ್ತಿರಲಿಲ್ಲ.

ಬರ ಬಿದ್ದ ವರ್ಷ ಇಂದಾಪುರದ ಹತ್ತಿರ ನಾವು ಗಂಜಿ ಕೇಂದ್ರ ತೆರೆದಾಗ ಅವರೂ ಬಂದರು. ಮೊದಲ ದಿನವೇ, ಎಲುಬಿನ ಗೂಡಿನಂತಿದ್ದ ಮುದುಕನೊಬ್ಬ ಒಂದು ಬಟ್ಟಲು ಕುಡಿದು ಸಾಕೆಂದು ಕೈ ಅಡ್ಡ ಹಿಡಿದ. ಭಟ್ಟರು ಆ ಕೈಯನ್ನೂ ಸರಿಸಿದರು. ಅದೇ ಮಾತನ್ನು ಮರಾಠಿಯಲ್ಲಿ ಹೇಳಿ ಗಂಜಿ ಸುರಿದರು, ಮೇಲೆ ರೊಟ್ಟಿ ಇಟ್ಟರು. ನೋಡುತ್ತಿದ್ದ ನಮಗೂ ಖುಷಿಯೇ. ಸಂಜೆ ಮುದುಕ ಹೊಟ್ಟೆ ಹಿಡಿದುಕೊಂಡು ಅಲ್ಲೇ ಸತ್ತ. ವಾರಗಟ್ಟಲೆ ಉಪವಾಸವಿದ್ದ ಹೊಟ್ಟೆ ಅಷ್ಟನ್ನು ತಾಳುವುದಿಲ್ಲವೆಂದು ಡಾಕ್ಟರು ಹೇಳಿದರು. ಭಟ್ಟರು ತಮ್ಮ ಬಲಗೈಯನ್ನೇ ನೋಡುತ್ತ ಕೂತರು.

ಮಳೆ ಬಂದು ಬರ ಮುಗಿದ ಮೇಲೆ ನನ್ನ ತಂಗಿಯ ಮದುವೆಗೂ ಅವರದೇ ಅಡಿಗೆ. ಸೌಟು ಹಿಡಿದು ಬಂದವರು, ದಪ್ಪ ಹೊಟ್ಟೆಯ ಬೀಗರ ಎಲೆಯ ಮುಂದೆ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದರು: "ನಿನ್ನೆ ಊಟ ಆಗಿತ್ತೇನ್ರಿ?"

ಇಡೀ ಪಂಕ್ತಿ ನಕ್ಕಿತು. ಭಟ್ಟರು ಬಡಿಸದೆ, ಉತ್ತರಕ್ಕಾಗಿ ಕಾಯುತ್ತ ನಿಂತೇ ಇದ್ದರು.