ಖಾಲಿ ಕುರ್ಚಿಯ ಮುಂದಿನ ಎಡೆ

ಸತ್ತವರು ಉಣ್ಣುವಾಗ ನೋಡಬಾರದು ಎಂದು ಈ ವಯಸ್ಸಿನಲ್ಲೂ ನಂಬಿಕೊಂಡಿರುವವಳು ನಾನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆ ಅವರಿಗೆ, ಸತ್ತವರಿಗೆ. ನಮ್ಮ ಯಜಮಾನರು ಬದುಕಿದ್ದಾಗಲೇ ಯಾರಾದರೂ ಎದುರಿಗೆ ಕೂತು ನೋಡಿದರೆ ಎರಡನೇ ಮುದ್ದೆ ಮುಟ್ಟುತ್ತಿರಲಿಲ್ಲ. ಸತ್ತ ಮೇಲೆ ಧೈರ್ಯ ಬಂದುಬಿಡುತ್ತದೆಯೇ? ಅದಕ್ಕೇ ನಮ್ಮ ದೇವನೂರಿನ ಮನೆಯಲ್ಲಿ ಹಿರಿಯರ ಹಬ್ಬದ ದಿನ ನಡುಮನೆಯಲ್ಲಿ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಕೂರುತ್ತೇವೆ. ಉಂಡಿರಬಹುದು ಅನ್ನಿಸಿದಾಗ ಬಾಗಿಲು ತಟ್ಟಿ, ಒಂಚೂರು ತಡೆದು ಒಳಗೆ ಹೋಗುತ್ತೇವೆ. ತಟ್ಟದೆ ನುಗ್ಗಿದರೆ ತುತ್ತು ಬಾಯಲ್ಲಿರುವಾಗಲೇ ಎದ್ದು ಹೋಗಬೇಕಲ್ಲ, ಪಾಪ.

ಇದನ್ನು ಇನ್ನು ನಿಲ್ಲಿಸೋಣ ಎಂದ ನನ್ನ ಮಗ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ, ತಿಳಿದವನು. ಜೋರಾಗಿಯೂ ಹೇಳಲಿಲ್ಲ. "ಫೋಟಕ್ಕೆ ಒಂದು ಹಾರ ಆಕುದ್ರೆ ಸಾಕಲ್ವವ್ವ, ಅವ್ರೇನು ಬಂದು ಉಂಡರಾ?" ಅಂದ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಅವತ್ತಿನಿಂದ ಒಂದೇ ಯೋಚನೆ. ನಾಳೆ ನಾನೂ ಹೋಗುತ್ತೇನೆ. ಆಮೇಲೆ ಹಬ್ಬದ ದಿನ ಅವರೂ ನಾನೂ ಹೊಸಿಲವರೆಗೆ ಬಂದು, ಎಲೆ ಕಾಣದೆ, ಹಸಿದುಕೊಂಡು ಹಿಂದಕ್ಕೆ ನಡೆಯಬೇಕೇ? ಮೊಮ್ಮಗಳು ಸಿಂಚನಳ ಮೇಲಂತೂ ಆಸೆಯೇ ಇರಲಿಲ್ಲ. ತಲೆಕೂದಲಿಗೆ ನೀಲಿ ಬಣ್ಣ, ಮೈಸೂರಿನಲ್ಲಿ ಹುಡುಗರ ಜೊತೆ ಡ್ರಮ್ಮು. ಎಡೆ ಇಟ್ಟು ಆಚೆ ಕೂತಾಗಲೂ ಮೊಬೈಲು ತಿಕ್ಕುತ್ತಾ ಇರುತ್ತಿದ್ದವಳು.

ಆ ಸಿಂಚನ ನನ್ನನ್ನು ಟಿ. ನರಸೀಪುರಕ್ಕೆ ಸಿನಿಮಾ ತೋರಿಸಲು ಕರೆದುಕೊಂಡು ಹೋದಳು. ಸಿನಿಮಾಗಳಿಗೆ ಸಂಗೀತ ಮಾಡುತ್ತಿದ್ದ ದೊಡ್ಡವರೊಬ್ಬರು ತೀರಿಕೊಂಡಿದ್ದರು. ಅವರ ನೆನಪಿಗೆಂದು ಸಿಂಚನ, ಅವಳ ಜೊತೆ ನುಡಿಸುವ ಮಕ್ಕಳು ಸೇರಿ ಅವರ ಹಾಡುಗಳನ್ನೇ ತಮ್ಮ ರಾಕ್ ಗದ್ದಲದಲ್ಲಿ ನುಡಿಸಿ, ಆ ಕಾರ್ಯಕ್ರಮವನ್ನು ಪೂರಾ ಸಿನಿಮಾ ಮಾಡಿದ್ದರು. ಹಗಲು ಆಟ. ಸಿಂಚನ ಸ್ನೇಹಿತರ ಜೊತೆ ಮುಂದಿನ ಸಾಲಿನಲ್ಲಿ ಕೂತಳು. ನನ್ನ ಪಕ್ಕಕ್ಕೆ ಮೂಗೂರಿನ ಒಬ್ಬ ಹೆಂಗಸು. ನನ್ನ ಕೂಸು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಂಡಾಗ ಹಲ್ಲುಸೆಟ್ಟು ಸಡಿಲವಾಗುವಷ್ಟು ನಕ್ಕೆ. ಅವಳು ನನ್ನ ಮೊಮ್ಮಗಳು ಎಂದು ಆ ಹೆಂಗಸಿಗೆ ಹೇಳಿದೆ. ಮತ್ತೆ ಹೇಳಿದೆ. "ಆಗ್ಲೇ ಯೋಳುದ್ರಲ್ಲ ಕಣಕ್ಕ, ನಂಗೇನು ಕಿವುಡಾ?" ಅಂದಳು.

ಕೊನೆಯ ಹಾಡಿನ ಹೊತ್ತಿಗೆ ಸ್ಟೇಜಿನ ನಡುವೆ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೆ ಅವರ ಬಿಳಿ ಶಾಲು, ಎದುರಿಗೆ ಹಾರ್ಮೋನಿಯಂ, ಪಕ್ಕದಲ್ಲಿ ಹಬೆಯಾಡುವ ಒಂದು ಲೋಟ ಕಾಫಿ. ಸತ್ತವರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಹಳೆಯ ರೆಕಾರ್ಡಂತೆ. ಇರಬಹುದು. ನಮ್ಮ ಯಜಮಾನರ ದನಿ ಯಾವ ರೆಕಾರ್ಡಿನಲ್ಲೂ ಇಲ್ಲ, ಆದರೂ ಹಿತ್ತಿಲಲ್ಲಿ ಅವರ ಕೆಮ್ಮು ನನಗೆ ಕೇಳಿಸುವುದುಂಟು. ಅಷ್ಟರಲ್ಲಿ ನುಡಿಸುವವರೆಲ್ಲ ಒಬ್ಬೊಬ್ಬರಾಗಿ ಕುರ್ಚಿಗೆ ಬೆನ್ನು ತಿರುಗಿಸಿದರು. ದೀಪ ಆರಿತು. ಪರದೆಯೂ ಕತ್ತಲೆ, ಟಾಕೀಸೂ ಕತ್ತಲೆ, ಸದ್ದೇ ಇಲ್ಲ.

ನನಗೆ ಅರ್ಥವಾಯಿತು. ಎದ್ದು ನಿಂತೆ.

"ಏಳಿ, ಆಚೆಗೋಗವ. ಅವ್ರು ಉಣ್ಣೋ ಒತ್ತು."

ಮೂಗೂರಿನವಳು ಏಕೆ ಎತ್ತ ಎಂದು ಕೇಳದೆ ಸೆರಗು ಸರಿಮಾಡಿಕೊಂಡು ಎದ್ದಳು. ಹಿಂದಿನ ಸಾಲಿನಿಂದ ಇನ್ನೂ ಕೆಲವು ಮುದುಕಿಯರು ತಡವರಿಸುತ್ತಾ ಬಂದರು. ಉರಿಬಿಸಿಲಲ್ಲಿ ಟಾಕೀಸಿನ ಬಾಗಿಲಿಗೆ ಬೆನ್ನು ಹಾಕಿ ನಿಂತೆವು. ಮೈಮೇಲೆ ಬಿಸಿಲು ಸುಡುತ್ತಿದ್ದರೂ ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ಟಿಕೆಟ್ ಹರಿಯುವವನು ಬಂದು ಪಿಕ್ಚರು ಚೆನ್ನಾಗಿಲ್ಲವಾ ಎಂದು ಕೇಳಿದ. ಮೂಗೂರಿನವಳು ತುಟಿಯ ಮೇಲೆ ಬೆರಳಿಟ್ಟಳು. ಅವನೂ ಯಾಕೋ ಹೆದರಿ ಚಪ್ಪಲಿ ಸದ್ದಾಗದ ಹಾಗೆ ಸರಿದುಕೊಂಡ.

ಆಗ ಒಳಗಿನಿಂದ ಟಕ್, ಟಕ್ ಎಂದು ಮೆಲ್ಲಗೆ ತಟ್ಟಿದ ಸದ್ದು. ಕೋಲಿನಿಂದ ಡ್ರಮ್ಮಿನ ಅಂಚಿಗೆ ತಟ್ಟಿದ್ದು. ಒಂಚೂರು ಬಿಡುವು. ಆಮೇಲೆ ಸೂರು ಹಾರಿಹೋಗುವ ಹಾಗೆ ಹಾಡು ಶುರುವಾಯಿತು. ನಾವು ಒಳಗೆ ಹೋಗುವಷ್ಟರಲ್ಲಿ ಪರದೆಯ ತುಂಬ ಬೆಳಕು. ಬಿಳಿ ಶಾಲು ನೆಲದ ಮೇಲಿತ್ತು. ಕೂತೇ ಇದ್ದ ಹುಡುಗರನ್ನು ಏನು ಕಂಡಿತು ಎಂದು ಕೇಳಿದೆ. ಏನಿಲ್ಲ, ಕತ್ತಲು ಅಂದರು. ಒಬ್ಬ ಮಾತ್ರ, ಕಾಫಿ ವಾಸನೆ ಬಂತು ಅಂದ. ಅವತ್ತು ಕ್ಯಾಂಟೀನು ಮುಚ್ಚಿತ್ತು.

ನಂಜನಗೂಡಿನ ಬಸ್ಸು ಹತ್ತಿ ಕೂತ ಮೇಲೆ, ಶಾಲು ಎಳೆದವರು ಯಾರು ಎಂದು ಸಿಂಚನಳನ್ನು ಕೇಳಿದೆ. ಯಾರೂ ಇಲ್ಲ, ಎಲ್ಲರೂ ಬೆನ್ನು ಹಾಕಿದ್ದೆವಲ್ಲ, ಗಾಳಿ ಇರಬೇಕು ಅಂದಳು. ಬೆನ್ನು ಹಾಕಲು ಹೇಳಿದವರು ಯಾರು ಎಂದೆ.

"ನಾನೇ ಕಣಜ್ಜಿ. ಎಲ್ರೂ ನೋಡ್ತಾ ಕುಂತ್ರೆ ಅವ್ರೆಂಗೆ ಬತ್ತಾರೆ?"

ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಅವಳೇ, "ಅಪ್ಪ ಬ್ಯಾಡ ಅಂದ್ರೂ ನಾನು ಎಡೆ ಮಡಗ್ತೀನಿ. ನಿಂಗೇನು ಮಡಗ್ಲಿ, ಈಗ್ಲೇ ಯೋಳ್ಬುಡು," ಅಂದಳು.

ಮೊಮ್ಮಗಳ ಬಾಯಲ್ಲಿ ತನ್ನ ಎಡೆಯ ಮಾತು ಕೇಳಿ ಹಿಗ್ಗಿದ ಮುದುಕಿಯನ್ನು ನೀವು ನೋಡಿರಲಾರಿರಿ. ಅವರೆಕಾಳು ಸಾರು, ಒಬ್ಬಟ್ಟಿನ ಮೇಲೆ ಧಾರಾಳವಾಗಿ ತುಪ್ಪ, ಬೇಕರಿಯ ಕೆನೆ ಕೇಕು ಎಂದು ಹೇಳುತ್ತಾ ಹೋದೆ. ಶುಗರು ಅಲ್ಲಿಯವರೆಗೂ ಹಿಂದೆ ಬರುವುದಿಲ್ಲವಲ್ಲ. ಎಲ್ಲ ಕೇಳಿಸಿಕೊಂಡು, ಜೊತೆಗೆ ಡ್ರಮ್ಮೂ ಬಾರಿಸಲಾ ಎಂದಳು.

"ನಾನು ಉಂಡು ಕೈ ತೊಳ್ಕಂಡ್ ಮೇಲೆ ಬಾರ್ಸು ಮಗ. ಉಣ್ಣೋವಾಗ ಬಾರ್ಸುದ್ರೆ ನೆತ್ತಿಗತ್ತುತ್ತೆ."