ಹಿತ್ತಲ ರೂಮಿನ ಅರ್ಜಿ

ಯಮುನಮ್ಮನಿಗೆ ಎಂಟು ವರ್ಷವಿದ್ದಾಗ ಶರಾವತಿಯ ಹಿನ್ನೀರು ಮನೆಯ ಮೆಟ್ಟಿಲಿಗೆ ಬಂತು. ಅಪ್ಪ ಪಾತ್ರೆ, ಹಸು, ಮಕ್ಕಳನ್ನೆಲ್ಲ ಒಂದೇ ಲಾರಿಗೆ ತುಂಬಿಕೊಂಡು ಕೋಣಂದೂರಿನ ಆಚೆಯ ಈ ಊರಿಗೆ ಬಂದಿಳಿದ. ಊರವರು ಅವರನ್ನು ಕರೆದದ್ದು ‘ಮುಳುಗಡೆಯವರು’ ಎಂದು. ಬಾವಿಯಲ್ಲಿ ಅವ್ವನ ಸರದಿ ಎಲ್ಲರ ಕೊಡ ತುಂಬಿದ ಮೇಲೆ. ಬೆಳಗಿನ ಗಂಜಿ ಬೇಯುವಾಗ ಮಧ್ಯಾಹ್ನವಾಗುತ್ತಿತ್ತು. ಅದಕ್ಕೆ ಅಪ್ಪನ ಬೈಗುಳವೂ ಅವ್ವನಿಗೇ. “ಇವ್ರು ಬಂದ್ಮೇಲೆ ಊರಲ್ಲಿ ಕಳ್ಳತನ ಜಾಸ್ತಿಯಾತು” ಎಂದು ಬಾವಿಕಟ್ಟೆಯಲ್ಲಿ ದಿನವೂ ಹೇಳುತ್ತಿದ್ದವಳು ಎದುರುಮನೆಯ ಜಲಜಮ್ಮ.

ಈಗ ಯಮುನಮ್ಮನಿಗೆ ಎಪ್ಪತ್ತು. ಹಿತ್ತಲ ರೂಮಿನಲ್ಲಿ ಅಸ್ಸಾಮಿನ ಜಹನಾರಾ ಗಂಡನೊಂದಿಗೆ ಬಾಡಿಗೆಗಿದ್ದಾಳೆ. ಊರವರ ಅಡಿಕೆ ಸುಲಿಯುವವಳು ಅವಳು. ಸುಲಿದು ಬಂದು ಈ ಮನೆಯ ಮುಸುರೆ ತಿಕ್ಕುವವಳೂ ಅವಳೇ.

ಭಾನುವಾರ ಜಗಲಿಯಲ್ಲಿ ಏಳು ಗಂಡಸರು ಸೇರಿದರು. ಕರೆದವನು ಮಗ ದೀಪಕ್. ಹೊರಗಿನವರಿಗೆ ಯಾರೂ ಮನೆ ಕೊಡಬಾರದೆಂದು ಪಂಚಾಯ್ತಿಗೆ ಅರ್ಜಿ. ಒಬ್ಬನ ಫೋನಿನಲ್ಲಿ ಟಿವಿಯವನು ‘ನುಸುಳುಕೋರರು’ ಎಂದು ಕಿರುಚುತ್ತಿದ್ದ. ಅದು ಮುಗಿದರೆ ಯಾವನೋ ಲೀಡರಿನ ಭಾಷಣ, ಅದರಲ್ಲೂ ಅದೇ ಮಾತು. ಒಳಗೆ ಅವರಿಗಾಗಿ ಚಹಾ ಕುದಿಸುತ್ತಿದ್ದವಳು ಜಹನಾರಾ. ಅವಲಕ್ಕಿಯನ್ನು ಬಾಯಿತುಂಬ ಮುಕ್ಕುತ್ತ, ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತ, ಅವರು ಊರು ಉಳಿಸುತ್ತಿದ್ದರು.

“ಅಮ್ಮ, ಇಲ್ಲೊಂದು ಸೈನ್ ಹಾಕು. ರೂಮು ನಿನ್ನ ಹೆಸ್ರಲ್ಲಿದೆ. ನಾಳೆನೇ ಖಾಲಿ ಮಾಡ್ಸಾಣ,” ಎಂದ ದೀಪಕ್.

“ಅವ್ಳು ಎಂತ ಮಾಡಿದ್ಲೋ?”

ಜಲಜಮ್ಮನ ಮೊಮ್ಮಗ ಶಿವಮೂರ್ತಿ ಬಾಯಿ ಒರೆಸಿಕೊಂಡ. “ಅವ್ಳೊಬ್ಳ ಮಾತಲ್ಲ ದೊಡ್ಡಮ್ಮ. ಇವ್ರು ಬಂದ್ಮೇಲೆ ಊರಲ್ಲಿ ಕಳ್ಳತನ ಜಾಸ್ತಿಯಾಗಿದೆ.”

“ನಿಂದೇನು ಕಳುವಾತು?”

“ನಂದೇನಿಲ್ಲ. ಟಿವೀಲಿ ತೋರಿಸ್ತಿದಾರಲ್ಲ.”

ಯಮುನಮ್ಮ ಅರ್ಜಿಯನ್ನು ಕೈಗೆತ್ತಿಕೊಂಡಳು. “ನಿಮ್ಮಜ್ಜಿ ಟಿವಿ ಇಲ್ದೇನೇ ಹೇಳ್ತಿದ್ರು. ನಮ್ಮವ್ವಂಗೆ.”

ಯಾರೋ ಕಿಸಕ್ಕೆಂದರು. ದೀಪಕನ ಮುಖ ಕೆಂಪಾಯಿತು. “ಅದೇ ಬೇರೆ, ಇದೇ ಬೇರೆ. ನಾವು ಇಲ್ಲಿಯವ್ರು.”

“ನೀನು ಇಸ್ಕೂಲಿಗೆ ಹೋಗೋವಾಗ್ಲೂ ನಿನ್ನ ಮುಳುಗಡೆಯೋನು ಅಂತಿದ್ರು. ಅತ್ಕೊಂಡು ಬರ್ತಿದ್ದೆ. ಮೂಗು ಒರೆಸಿದೋಳು ನಾನು.” ಅವಳು ಅರ್ಜಿಯನ್ನು ಮಗನ ತೊಡೆಯ ಮೇಲಿಟ್ಟಳು. “ರೂಮು ಖಾಲಿಯಾಗಲ್ಲ.”

ಗಂಡಸರು ಗೊಣಗುತ್ತ ಎದ್ದರು. ತಟ್ಟೆ ಲೋಟಗಳನ್ನು ಕೂತಲ್ಲೇ ಬಿಟ್ಟರು. ಒಂದು ತಟ್ಟೆಯಲ್ಲಿ ಒತ್ತಿ ಆರಿಸಿದ ಬೀಡಿಯಿತ್ತು. ಜಹನಾರಾ ಬಂದು ಎಲ್ಲವನ್ನೂ ಎತ್ತಿಕೊಂಡು ಒಳಗೆ ಹೋದಳು. ಚಪ್ಪಲಿ ಮೆಟ್ಟಿದ ಶಿವಮೂರ್ತಿ ಹಿಂದಿರುಗಿ ಬಂದು ದನಿ ತಗ್ಗಿಸಿದ.

“ದೊಡ್ಡಮ್ಮ, ನಾಳೆ ನಮ್ಮನೆಗೆ ಸುಲಿಯಕ್ಕೆ ಅವ್ಳನ್ನ ಕಳಸ್ತೀರಾ? ಬೇರೆ ಜನ ಸಿಗ್ತಿಲ್ಲ.”

“ನೀನೇ ಕೇಳು. ಒಳಗೆ ನಿನ್ನ ಲೋಟ ತೊಳೀತಿದಾಳೆ.”

ಅವನು ಬೈಕಿನ ಕಡೆ ನಡೆದ.