ಆಸ್ಪತ್ರೆ ಮಂಚದ ಮೇಲಿನ ಪೂಜೆ

ಜಳಕ ಮಾಡಿ ಲಿಂಗಪೂಜೆ ಮುಗಿಸದೆ ನಮ್ಮ ಅತ್ತೆ ಗುಟುಕು ನೀರೂ ಕುಡಿದವರಲ್ಲ. ಆ ನೇಮವೇ ಅವತ್ತು ಅವರ ಜೀವಕ್ಕೆ ಬರುವುದರಲ್ಲಿತ್ತು.

ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿಸಿ ಸ್ವಲ್ಪ ದಿನ ಆಗಿತ್ತು. ಬೆಳಿಗ್ಗೆ ಎದ್ದವರೇ ಏದುಸಿರು ಬಿಡತೊಡಗಿದರು. ಗೋಪನಕೊಪ್ಪದ ಮನೆಯಿಂದ ವಿದ್ಯಾನಗರದ ಆಸ್ಪತ್ರೆಗೆ ಒಯ್ದೆವು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದರು ಅಲ್ಲಿನ ಡಾಕ್ಟರಬಾಯಿ. ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಚ್ಚಿದ ಮೇಲೆ ಅತ್ತೆಗೆ ಆರಾಮೆನಿಸಿತು. ಬಿ.ಪಿ.ಯೂ ಛಲೋ ಇತ್ತು. ಹಟ ಶುರುವಾಯಿತು.

“ಮನಿಗೆ ನಡೀರಿ. ಜಳಕಾ ಇಲ್ಲ, ಪೂಜಿ ಇಲ್ಲ.”

“ಆರಾಮ ಅದಾಳಲ್ಲ, ಜಳಕಾ ಮಾಡಿಸ್ಕೊಂಡು ಬರೂಣು,” ಅಂತ ನಮ್ಮ ಮನೆಯವರೂ ಚಪ್ಪಲಿ ಮೆಟ್ಟಿದರು.

ಡಾಕ್ಟರಬಾಯಿ ನಮ್ಮಿಬ್ಬರಿಗೂ ಎಕೋ ಚಿತ್ರ ತೋರಿಸಿದರು. “ಶ್ವಾಸಕೋಶಕ್ಕ ರಕ್ತ ನೂಕೋದು ಹೃದಯದ ಈ ಬಲಭಾಗ. ದಾರಿ ಕಟ್ಟೇತಿ, ನೂಕಿ ನೂಕಿ ಉಬ್ಬೇತಿ ನೋಡ್ರಿ. ರಕ್ತದ ಪರೀಕ್ಷಾನೂ ಅದನ್ನ ಹೇಳತೈತಿ. ಈಗ ಬಿ.ಪಿ. ಸರಿ ಐತಿ ಅಂತ ನಂಬಬ್ಯಾಡ್ರಿ. ಇವತ್ತ ಹೃದಯ ಸೋಲಬಹುದು. ಮಂಚದಿಂದ ಇಳಿಸಬ್ಯಾಡ್ರಿ.”

ಅತ್ತೆಯ ಹತ್ತಿರ ಹೋಗಿ ಅಂದೆ, “ಶಿವಾ ಏನು ಗೋಪನಕೊಪ್ಪದಾಗ ಅಷ್ಟ ಇರ್ತಾನೇನ್ರಿ ಅತ್ತಿ? ವಿದ್ಯಾನಗರಕ್ಕ ಬರಾಂಗಿಲ್ಲೇನು?”

“ಬರ್ತಾನ. ಜಳಕಾ ಮಾಡದಾಕಿ ಕಡೆ ಬರಾಂಗಿಲ್ಲ.”

“ಹಂಗಾರ ನಾ ಜಳಕಾ ಮಾಡೇನಿ, ನನ್ನ ಸಲುವಾಗಿ ಬರ್ಲಿ.”

ಅವರಿಗೆ ನಗು ಬಂತು. ನಕ್ಕದ್ದೇ ನನಗೆ ಸಾಕಾಯಿತು. ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿದೆ. ಕೊರಳಲ್ಲಿದ್ದ ಲಿಂಗ ತೆಗೆದು ಅವರ ಅಂಗೈಯಲ್ಲಿಟ್ಟೆ. ಮಲಗಿದಲ್ಲೇ ಪೂಜೆ ಮಾಡಿ, ನೀರು ಕುಡಿದರು. ಮನೆಯವರು ಚಪ್ಪಲಿ ಬಿಚ್ಚಿ ಕೂತರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆಯ ಕೈಕಾಲು ತಣ್ಣಗಾದವು, ಬಿ.ಪಿ. ಕುಸಿಯಿತು. ಡಾಕ್ಟರಬಾಯಿ ಹೇಳಿದ್ದೇ ಆಯಿತು. ಆದರೆ ಆಗ ಅತ್ತೆ ನಮ್ಮ ಬಚ್ಚಲಲ್ಲಿರಲಿಲ್ಲ, ಡಾಕ್ಟರ ಕಣ್ಮುಂದೆ ಇದ್ದರು. ಹೆಪ್ಪು ಕರಗಿಸುವ ಔಷಧವನ್ನು ಮೊದಲೇ ತಂದಿಟ್ಟಿದ್ದರು. ಓಡಿ ಬಂದು ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಕೈ ಬೆಚ್ಚಗಾಗಿತ್ತು. ನಾನು ಅದನ್ನು ಬಿಡಲೇ ಇಲ್ಲ.

ಮುಂದಿನ ಎಕೋದಲ್ಲಿ ಉಬ್ಬು ಇಳಿದಿತ್ತು. “ಅಜ್ಜಿ, ನಿಮ್ಮ ಹೃದಯ ಗೆದ್ದೇತ್ರಿ!” ಅಂದರು ಡಾಕ್ಟರಬಾಯಿ.

“ಗೆದ್ದೇತಂದ್ರ ಮನಿಗೆ ಕಳಿಸವ್ವಾ, ಜಳಕಾ ಮಾಡಬೇಕು.”

ಮನೆಗೆ ಬಂದ ದಿನ ಹಂಡೆಯ ನೀರೆಲ್ಲ ಖಾಲಿ ಮಾಡಿದರು. ನನಗೊಂದು ತಂಬಿಗೆಯೂ ಉಳಿಯಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಆ ನೀರಿನ ಸಪ್ಪಳಕ್ಕೇ ಕೈ ಮುಗಿದೆ.